ಎಡಕ್ಕೆ ತಿರುಗಿ ನಿಂತ ಕುತ್ತಿಗೆ

ಹೇಳಿಕೊಳ್ಳಲು ನಾಚಿಕೆಯಾದರೂ ಹೇಳಿಬಿಡುತ್ತೇನೆ: ನೋವು ತಡೆದುಕೊಳ್ಳುವ ಶಕ್ತಿ ನನಗಿಲ್ಲ. ಕಾಲಿಗೆ ಮುಳ್ಳು ಚುಚ್ಚಿದರೂ ಇಡೀ ಓಣಿಗೆ ಗೊತ್ತಾಗುತ್ತದೆ. ಅಂಥವನು ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಎದ್ದರೆ, ಕುತ್ತಿಗೆ ಎಡಕ್ಕೆ ತಿರುಗಿ ಅಲ್ಲೇ ನಿಂತುಬಿಟ್ಟಿತ್ತು. ಬೆಟಗೇರಿಯ ಹೈಸ್ಕೂಲಿನಲ್ಲಿ ನಾನು ಗಣಿತದ ಮಾಸ್ತರ. ಆ ವಾರ ತರಗತಿಯ ಎಡಗಡೆಯ ಸಾಲಿನವರು, "ಸರ್ ನಮ್ಮನ್ನಷ್ಟ ನೋಡ್ತಾರ" ಎಂದು ಗೋಳಾಡಿದರು. ಬಲಗಡೆಯವರು ಪರಮಸುಖದಲ್ಲಿದ್ದರು.

ಹೆಂಡತಿ ಗಿರಿಜಾ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಳು. ಸಹೋದ್ಯೋಗಿಯೊಬ್ಬರು ತಮ್ಮ ಹಳೆಯ ಕುತ್ತಿಗೆ ಪಟ್ಟಿ ತಂದುಕೊಟ್ಟರು. ಅದನ್ನು ಕಟ್ಟಿಕೊಂಡು ಪೇಟೆಗೆ ಹೋದರೆ, ಎದುರಾದವರೆಲ್ಲ ಅಪಘಾತ ಎಲ್ಲಾಯಿತೆಂದು ಕೇಳುವವರೇ. ಏನೂ ಆಗಿಲ್ಲವೆಂದರೆ ಅವರ ಮುಖ ಬಾಡುತ್ತಿತ್ತು. ಮೂರನೆಯವರ ಹೊತ್ತಿಗೆ, ಸಣ್ಣದೊಂದು ಆಗಿದ್ದರೆ ಚೆನ್ನಾಗಿತ್ತು ಎಂದು ನನಗೇ ಅನ್ನಿಸತೊಡಗಿತು. ಮುಂಡರಗಿಯಿಂದ ನನ್ನ ಷಡ್ಡಕ ಫೋನ್ ಮಾಡಿದ. "ಹಿರೇವಡ್ಡಟ್ಟಿಯೊಳಗ ಒಬ್ಬಾಂವ ಅದಾನ. ಕುತಗಿ ಹಿಡದು ಒಮ್ಮೆ ತಿರುವಿದ್ನಂದ್ರ ಮುಗೀತು!"

"ಏನು ಮುಗೀತು? ನೋವೋ, ನಾನೋ?" ಎಂದು ಕೇಳಿ ಫೋನ್ ಇಟ್ಟೆ.

ಕೊನೆಗೆ ಗದಗಿನ ಡಾಕ್ಟರು ಪರೀಕ್ಷಿಸಿ, ಎಲುಬಿಗೇನೂ ಆಗಿಲ್ಲ, ಸ್ನಾಯು ಹಿಡಿದುಕೊಂಡಿದೆ ಎಂದು ಗುಳಿಗೆ ಬರೆದುಕೊಟ್ಟು, ಫಿಸಿಯೋಥೆರಪಿಗೆ ಕಳಿಸಿದರು. ಜೊತೆಗೆ ಗಿರಿಜಾಳನ್ನೂ ಕರೆದೊಯ್ದೆ. ನಾನು ನರಳುವಾಗ ಯಾರಾದರೂ ಪಕ್ಕದಲ್ಲಿರಬೇಕು. ಅಲ್ಲಿದ್ದ ಹುಡುಗಿ ನನಗೆ ವ್ಯಾಯಾಮ ತೋರಿಸುತ್ತ, "ಅಕ್ಕಾರ, ನೀವೂ ಮಾಡಿ ನೋಡ್ರಿ. ಮನ್ಯಾಗ ಇವರಿಗೆ ನೆನಪ ಮಾಡಾಕ ಬರ್ತೈತಿ" ಎಂದಳು.

ಗಿರಿಜಾ ಮೆಲ್ಲಗೆ ತಲೆ ಎತ್ತಿದಳು. ಅರ್ಧಕ್ಕೇ ನಿಂತು ತುಟಿ ಕಚ್ಚಿದಳು.

"ಇದು ಎಷ್ಟ ದಿನಾತ್ರಿ ಅಕ್ಕಾರ?"

"ದಿನಾ ಎಲ್ಲೀದವ್ವಾ! ಸಣ್ಣ ಮಗಳು ಹುಟ್ಟಿದಾಗಿಂದ ಐತಿ. ಆಕಿಗೀಗ ಹದಿನೆಂಟು."

ನಮ್ಮ ಮನೆಯ ಪಡಸಾಲೆಯಲ್ಲಿ ಮಗ್ಗವಿದೆ. ಮದುವೆಯಾಗಿ ಬಂದಾಗಿನಿಂದ ಅವಳು ಅದರ ಮುಂದೆ ತಲೆ ಬಗ್ಗಿಸಿ ಕೂತು ಸೀರೆ ನೇಯುತ್ತಿದ್ದಾಳೆ. ಆ ತಲೆ ಮೇಲೇಳುವುದಿಲ್ಲವೆಂಬುದನ್ನು ನಾನು ಗಮನಿಸಿಯೇ ಇರಲಿಲ್ಲ. ನನ್ನ ನರಳಾಟ ತಟ್ಟನೆ ನಿಂತಿತು.

"ನನಗ್ಯಾಕ ಹೇಳಲಿಲ್ಲ?" ಎಂದೆ.

"ನಿಮ್ಮ ನೋವು ಮುಗದು ನನ್ನ ಪಾಳಿ ಯಾವಾಗ ಬಂದಿತ್ತು ಹೇಳ್ರಿ?" ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಅವಳನ್ನೂ ಡಾಕ್ಟರಿಗೆ ತೋರಿಸಿದೆ. ಔಷಧಿಗಿಂತ ಹೆಚ್ಚಾಗಿ ಬೇಕಾದದ್ದು ದಿನದ ವ್ಯಾಯಾಮ ಮತ್ತು ನಡುನಡುವೆ ಮಗ್ಗ ಬಿಟ್ಟು ಏಳುವುದು ಎಂದರು. ಕೂರುವ ಹಲಗೆಯನ್ನು ಬಡಿಗನನ್ನು ಕರೆಸಿ ಸರಿಮಾಡಿಸಿದೆ. ಅರ್ಧ ತಾಸಿಗೊಮ್ಮೆ ಚಹಾ ಕಾಸಿ ಅವಳನ್ನು ಎಬ್ಬಿಸುವ ಕೆಲಸವನ್ನು, ರಜೆಯ ದಿನಗಳಲ್ಲಿ, ನಾನೇ ವಹಿಸಿಕೊಂಡೆ. ನನ್ನ ಕುತ್ತಿಗೆ ವಾರದೊಳಗೆ ನೆಟ್ಟಗಾಯಿತು. ಅವಳದಕ್ಕೆ ಎರಡು ತಿಂಗಳು ಹಿಡಿಯಿತು. ಒಂದು ಸಂಜೆ ಮಗ್ಗದಿಂದಲೇ ಕೂಗಿದಳು: "ಜಲ್ದಿ ಬರ್ರಿ ಇಲ್ಲೆ! ನಮ್ಮ ಜಂತಿಯೊಳಗ ಗುಬ್ಬಿ ಗೂಡು ಕಟ್ಟೇತಿ!" ಗೂಡು ಹಳೆಯದು. ತಲೆ ಎತ್ತಿ ಸೂರು ನೋಡಲು ಅವಳಿಗೆ ಸಾಧ್ಯವಾದದ್ದು ಮಾತ್ರ ಅವತ್ತೇ.

ಮೊನ್ನೆ ಮತ್ತೆ ತೋರಿಸಲು ಹೋದಾಗ ಆ ಹುಡುಗಿ ಗಿರಿಜಾಳನ್ನು ಹೊಗಳಿ, "ಸರ್ರ, ನೀವೂ ತಪ್ಪದ ವ್ಯಾಯಾಮ ಮಾಡ್ತೀರಿ ಹೌದಲ್ರಿ?" ಎಂದಳು. ಗಿರಿಜಾ ಸಲೀಸಾಗಿ ಕುತ್ತಿಗೆ ತಿರುಗಿಸಿ ನನ್ನನ್ನೇ ನೋಡಿದಳು. ನಾನು ಹೌದೆಂದು ಜೋರಾಗಿ ತಲೆಯಾಡಿಸಿದೆ. ಆ ತಿಂಗಳು ನಾನು ಮಾಡಿದ ವ್ಯಾಯಾಮ ಅದೊಂದೇ.