ಬೆಳ್ಳಿ ಕತ್ತಿಯ ಜೋಪಾನ

ಕೇಂದ್ರ ಸರ್ಕಾರದ ಕಚೇರಿಯೊಂದರ ದಾಸ್ತಾನು ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕಳೆದ ನನಗೆ, ವಿಡಿಯೋ ಗೇಮಿನ ನಾಲ್ಕಾರು ಆಯುಧ ಕಾಯುವುದು ಯಾವ ಮಹಾ ಕೆಲಸ? ಬೋರ್ಡ್ ಪರೀಕ್ಷೆ ಮುಗಿಯುವವರೆಗೆ ಗೇಮ್ ಮುಟ್ಟುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟಿದ್ದ ಮಗಳು ಶ್ರಾವ್ಯ, ಕಂಟ್ರೋಲರನ್ನು ನನ್ನ ಕೈಗಿಟ್ಟಳು.

"ಪಪ್ಪಾ, ಈ ಬಂಗಲೆ ದಾಟಿಸಿಬಿಡಿ, ಬಸ್, ಅಷ್ಟೇ ಸಾಕು. ಬೆಳ್ಳಿ ಕತ್ತಿ ಸಿಗೋಕೆ ನಂಗೆ ಎರಡು ತಿಂಗಳು ಹಿಡೀತು. ಸಂಭಾಲ್ ಕೆ, ಹುಷಾರು."

"ಅಚ್ಛಾ, ಚಿಂತೆ ಬಿಡು," ಎಂದೆ.

ಆ ಗೇಮಿನಲ್ಲಿ ಪ್ರತಿ ಆಯುಧಕ್ಕೂ ಆಯುಸ್ಸುಂಟು. ಇಂತಿಷ್ಟು ಏಟು ಹೊಡೆದರೆ ಮುರಿಯುತ್ತದೆ. ನಮ್ಮ ವಿಭಾಗದ ನಿಯಮ ಸ್ಪಷ್ಟ: ಹಳೆಯದು ಪೂರ್ತಿ ಸವೆಯದೆ ಹೊಸದನ್ನು ಹೊರಗೆ ತೆಗೆಯಕೂಡದು. ಆದ್ದರಿಂದ ಬೆಳ್ಳಿ ಕತ್ತಿ, ಈಟಿ, ಕೊಡಲಿ ಮೂರನ್ನೂ ಬಂಗಲೆಯ ಹಜಾರದ ಗೋಡೆಗೆ ಸಾಲಾಗಿ ಒರಗಿಸಿ, ಒಂದು ಸೌದೆ ಹಿಡಿದು ಒಳಗೆ ಹೊರಟೆ.

ರಾಜಧಾನಿಯ ದ್ವಾರಕಾ ಬಡಾವಣೆಯ ನಮ್ಮ ಏಳನೆಯ ಮಹಡಿಯ ಕಿಟಕಿಯಾಚೆ ಜನವರಿಯ ಮಧ್ಯಾಹ್ನದ ಮಂಜು. ಎದುರಿನ ಟವರೇ ಕಾಣುತ್ತಿರಲಿಲ್ಲ. ಟಿವಿಯೊಳಗೂ ಮಂಜು. ಎರಡರ ನಡುವೆ ಶಾಲು ಹೊದ್ದು ಕೂತವನು ನಾನೊಬ್ಬ.

ಬಂಗಲೆಯ ಕೋಣೆಗಳಲ್ಲಿ ಯಾರೂ ಇರಲಿಲ್ಲ. ಹಜಾರಕ್ಕೆ ವಾಪಸು ಬಂದರೆ ಕೊಡಲಿ ಕಾಣೆ. ಎಣಿಕೆಯಲ್ಲಿ ನಾನು ತಪ್ಪುವವನಲ್ಲ. ಇನ್ನೊಂದು ಕೋಣೆ ನೋಡಿ ಬಂದೆ. ಈಟಿಯೂ ಇಲ್ಲ. ಮಹಡಿಯ ಮೇಲೆಲ್ಲೋ ಕಬ್ಬಿಣವನ್ನು ನೆಲದ ಮೇಲೆ ನಿಧಾನವಾಗಿ ಎಳೆಯುವ ಸದ್ದು. ನನಗೆ ಭಯವಾಯಿತು.

"ಸುಧಾ, ಸ್ವಲ್ಪ ಇಲ್ಲಿ ಬಂದು ಕೂತ್ಕೋ."

"ಯಾಕ್ರೀ, ಹೆದರಿಕೇನಾ?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಸಾಕ್ಷಿಗೆ," ಎಂದೆ.

ಅಷ್ಟರಲ್ಲಿ ಗೋಡೆ ಪೂರ್ತಿ ಖಾಲಿ. ಮಂಜಿನೊಳಗಿಂದ ಒಬ್ಬಳು ಬಂದಳು. ಮುಖವಿರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಕೈಯಲ್ಲಿ ಶ್ರಾವ್ಯಳ ಬೆಳ್ಳಿ ಕತ್ತಿ. ಅವಳಿಗೆ ಅವಸರವೇ ಇರಲಿಲ್ಲ. ಸೌದೆಯಿಂದ ಹೊಡೆದೆ, ಮುರಿಯಿತು. ಚೀಲದಲ್ಲಿದ್ದ ಸೌಟು ತೆಗೆದೆ, ಅದೂ ಮುರಿಯಿತು. ನಿಯಮದಂತೆ ಹಳೆಯದೆಲ್ಲ ಪೂರ್ತಿ ಸವೆಯಿತು. ಆಮೇಲೆ ನಾನು ಸವೆದೆ! ಕೊನೆಯ ಏಟಿಗೆ ಕತ್ತಿ ನನ್ನ ಮೇಲೆಯೇ ಚೂರಾಯಿತು. ಗೇಮ್ ಅಷ್ಟನ್ನೂ ತಾನಾಗಿ ಸೇವ್ ಮಾಡಿಕೊಂಡಿತು; ಕತ್ತಿ ಇನ್ನು ವಾಪಸು ಬರುವಂತಿಲ್ಲ.

ಟ್ಯೂಷನ್ ಮುಗಿಸಿ ಬಂದ ಮಗಳು ಪರದೆಯನ್ನು ಬಹಳ ಹೊತ್ತು ನೋಡಿದಳು. ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಅದು ಇನ್ನೂ ಕಷ್ಟವಾಯಿತು.

"ಆ ಮುಖವಿಲ್ಲದವಳು ಹಾಗೇ ಪಪ್ಪಾ. ಕೈಯಲ್ಲಿ ಇರೋದನ್ನ ಮುಟ್ಟಲ್ಲ. ಯೂಸ್ ಮಾಡದೆ ಇಟ್ಟಿದ್ದನ್ನ ಮಾತ್ರ ತಗೊಳ್ತಾಳೆ," ಎಂದು ತನ್ನ ಕೋಣೆಗೆ ಹೋದಳು.

ನನಗೆ ನಿಜಕ್ಕೂ ನಾಚಿಕೆಯಾಯಿತು. ಬಡ್ತಿಯ ದಿನ ಸಹೋದ್ಯೋಗಿಗಳು ಕೊಟ್ಟಿದ್ದ ಒಳ್ಳೆಯ ಪೆನ್ನೊಂದು ಬೀರುವಿನಲ್ಲಿತ್ತು. ಶುಭ ಸಂದರ್ಭಕ್ಕೆಂದು ಒಂಬತ್ತು ವರ್ಷದಿಂದ ಮುಟ್ಟಿರಲಿಲ್ಲ. ಮಗಳ ಪರೀಕ್ಷೆಗೆ ಅದನ್ನೇ ಕೊಟ್ಟುಬಿಡೋಣವೆಂದು ಡಬ್ಬಿ ತೆರೆದೆ.

ಡಬ್ಬಿ ಖಾಲಿ.

ಮೆಲ್ಲಗೆ ಮಗಳ ಕೋಣೆಯೊಳಗೆ ಇಣುಕಿದೆ. ಬೆನ್ನು ತಿರುಗಿಸಿ ಕೂತಿದ್ದಳು, ಬಿಚ್ಚಿದ ಕೂದಲಲ್ಲಿ ಮುಖ ಕಾಣುತ್ತಿರಲಿಲ್ಲ. ಕೈಯಲ್ಲಿ ನನ್ನ ಪೆನ್ನು.

"ನೀವು ಯೂಸೇ ಮಾಡ್ತಿರಲಿಲ್ಲವಲ್ಲ, ಪಪ್ಪಾ," ಎಂದಳು, ತಿರುಗಿ ನೋಡದೆ.

ಕೊಡಬೇಕೆಂದೇ ಹೋಗಿದ್ದವನು ನಾನು. ಬಾಯಿಂದ ಬಂದದ್ದು ಮಾತ್ರ ಬೇರೆ:

"ಬರೆದಾದ ಮೇಲೆ ಕೊಡು. ಒಳಗಿಡ್ತೀನಿ."