ಆರು ಶಾಲು, ಒಂದು ಆಂಬುಲೆನ್ಸ್

ಚೆಂಡು ಒದೆಯುವವನು ಚೆಂಡು ಒದ್ದುಕೊಂಡೇ ಇರಬೇಕು. ಮುಂದಾಳು ಆಗಲು ಹೋದರೆ ಇಂಥವು ನಡೆಯುತ್ತಲೇ ಇರುತ್ತವೆ. ಎಂಟು ವರ್ಷ ಗೋವಾದಲ್ಲಿ, ಕೋಲ್ಕತ್ತಾದಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡಿದಾಗ ಆಗದಷ್ಟು ಫಜೀತಿ, ಆಂಧ್ರದ ಗಡಿಯ ನಮ್ಮೂರು ಆದೋನಿಗೆ ಬಂದು ಆಟಗಾರರ ಸಂಘದ ಅಧ್ಯಕ್ಷನಾದ ಎರಡೇ ವರ್ಷದಲ್ಲಿ ನನಗೆ ಆಗಿದೆ.

ನಾನು ಡಿಫೆಂಡರ್. ಈ ಕೆಲಸ ಏನೆಂದು ನಮ್ಮ ಓಣಿಯವರಿಗೆ ತಿಳಿಸಿ ಹೇಳಲು ನನ್ನಿಂದ ಇವತ್ತಿಗೂ ಆಗಿಲ್ಲ. ರಜೆಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ: "ಈ ವರ್ಷ ಎಷ್ಟು ಗೋಲ್ ಹೊಡದಿ?" ಎಂಟು ವರ್ಷದಲ್ಲಿ ಎರಡು ಹೊಡೆದಿದ್ದೆ. ಅದರಲ್ಲಿ ಒಂದು ನಮ್ಮದೇ ಗೋಲಿಗೆ. ಲೆಕ್ಕ ಕೇಳಿದವರಿಗೆ ನಾನು ಆ ವಿವರ ಹೇಳುತ್ತಿರಲಿಲ್ಲ.

ತಂಪು ಪಾನೀಯದ ಆಟೋ

ಕ್ಲಬ್ಬಿನ ಕರಾರು ಮುಗಿದು ಊರಿಗೆ ಬಂದ ವರ್ಷವೇ ಬೇಸಿಗೆ ಟೂರ್ನಮೆಂಟ್ ಆಡಿದೆ. ಕೌತಾಳಂ, ಹಾಲಹರವಿ, ದೇವನಕೊಂಡ, ಅತ್ತ ಬಳ್ಳಾರಿಯಿಂದಲೂ ತಂಡಗಳು ಬರುತ್ತವೆ. ನಡೆಸುವವರು ಕಮಿಟಿ ಚೇರ್ಮನ್ನರು. ಹತ್ತಿ ಮಿಲ್ಲಿನ ಮಾಲೀಕರು, ದೊಡ್ಡ ಮನುಷ್ಯರು. ಕೆಟ್ಟವರಲ್ಲ. ಯಾರಿಗೂ "ಇಲ್ಲ" ಎನ್ನುವವರಲ್ಲ. ಏನನ್ನೂ ಕೊಡುವವರೂ ಅಲ್ಲ.

ಸೆಮಿಫೈನಲ್‌ನಲ್ಲಿ ಒಬ್ಬನ ಬೂಟು ನನ್ನ ಮೊಣಕಾಲಿಗೆ ಬಿತ್ತು. ಕಟ್ ಎಂದು ಶಬ್ದ ಬಂದದ್ದು ಗ್ಯಾಲರಿಯವರೆಗೂ ಕೇಳಿಸಿತಂತೆ. ಆಂಬುಲೆನ್ಸ್ ಎಲ್ಲಿ ಎಂದರೆ, ಅದಕ್ಕೂ ಫುಟ್‌ಬಾಲ್‌ಗೂ ಏನು ಸಂಬಂಧ ಎಂಬಂತೆ ಕಮಿಟಿಯವರು ಮುಖ ನೋಡಿದರು. ಕೊನೆಗೆ ಮೈದಾನಕ್ಕೆ ತಂಪು ಪಾನೀಯ ತಂದಿದ್ದ ಗೂಡ್ಸ್ ಆಟೋದಲ್ಲಿ, ಬಾಟಲಿ ಕ್ರೇಟುಗಳ ನಡುವೆ ನನ್ನನ್ನು ಮಲಗಿಸಿದರು.

ಆಟೋದವನು ನಿಯತ್ತಿನ ಮನುಷ್ಯ. ನೇರ ಆಸ್ಪತ್ರೆಗೆ ಹೋಗಲಿಲ್ಲ.

"ಅಣ್ಣಾ, ಬೇಜಾರ ಮಾಡ್ಕೋಬ್ಯಾಡ್ರಿ. ಮೂರು ಅಂಗಡಿಗೆ ಮಾಲು ಹಾಕೋದೈತಿ. ಎಲ್ಲಾ ದಾರ್‍ಯಾಗ ಅದಾವ."

ನಾನು ನೋವಿಗೆ ಹಲ್ಲು ಕಚ್ಚಿ ಮಲಗಿದ್ದೆ. ಒಂದೊಂದು ಅಂಗಡಿಯವನೂ ಆಟೋದೊಳಗೆ ಬಗ್ಗಿ ನೋಡಿ, "ಸ್ಕೋರ್ ಎಷ್ಟಾತು?" ಎಂದು ಕೇಳಿದ. ನಾನು ಹೇಳಿದೆ. ಮೂರನೆಯ ಅಂಗಡಿಯಲ್ಲಿ ಖಾಲಿ ಬಾಟಲಿಯ ಕ್ರೇಟುಗಳು ವಾಪಸು ಬಂದವು. ಇಡಲು ಜಾಗವಿಲ್ಲ. ಆಟೋದವನು ಸ್ವಲ್ಪ ಯೋಚಿಸಿ ನನ್ನ ಕಡೆ ತಿರುಗಿದ.

"ಅಣ್ಣಾ, ಹೆಂಗಿದ್ರೂ ಮಲಗೀರಿ. ಇದೊಂದನ್ನ ಎದಿ ಮ್ಯಾಲೆ ಇಟಗೋರಿ."

ಓಡಲಾರದವನು

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಾಲು ಕುಂಬಳಕಾಯಿ ಆಗಿತ್ತು. ಬೇಗ ತಂದಿದ್ದರೆ ಇಷ್ಟು ಆಗುತ್ತಿರಲಿಲ್ಲ ಎಂದರು ಡಾಕ್ಟರು. ನಡೆಯಬಹುದು, ಓಡುವಂತಿಲ್ಲ ಎಂದು ಚೀಟಿಯಲ್ಲೂ ಬರೆದುಕೊಟ್ಟರು. ನನ್ನ ಆಟ ಅಲ್ಲಿಗೆ ಮುಗಿಯಿತು. ಮೂವತ್ತೊಂದನೆಯ ವಯಸ್ಸಿಗೆ ಆಟ ಬಿಡುವುದೆಂದರೆ ಏನೆಂದು ಹೇಳಲು ಹೋಗುವುದಿಲ್ಲ. ಆ ಚೀಟಿ ಓದಿ ಅತ್ತದ್ದಂತೂ ನಿಜ.

ಆರು ತಿಂಗಳ ನಂತರ ಕೌತಾಳಂನ ಗೋಲ್‌ಕೀಪರ್ ಮನೆಗೆ ಬಂದ. ನನ್ನ ಹಳೆಯ ಜೊತೆಗಾರ. ಐದಾರು ಮಂದಿ ಆಟಗಾರರನ್ನು ಕರೆತಂದಿದ್ದ. ಮೈದಾನದಲ್ಲಿ ಆಂಬುಲೆನ್ಸ್ ನಿಲ್ಲಲೇಬೇಕು, ಅದಕ್ಕೆ ಹೋರಾಡಬೇಕು, ನಮ್ಮ ಸಂಘಕ್ಕೆ ನೀನೇ ಅಧ್ಯಕ್ಷನಾಗಬೇಕು ಎಂದರು.

ನಾನು ಉಬ್ಬಿಹೋದೆ. "ಕೋಲ್ಕತ್ತಾದಾಗ ಆಟಗಾರರ ಯೂನಿಯನ್ನಿನಾಗ ಇದ್ದೆ ಅಂತ ನನ್ನ ಆರಿಸೀರೇನು?" ಎಂದು ಕೇಳಿದೆ. ಅಲ್ಲಿ ಸಭೆಗೆ ಹೋಗಿ ಸಮೋಸ ತಿಂದು ಬಂದದ್ದಷ್ಟೇ ನನ್ನ ಅನುಭವ. ಅದನ್ನು ಹೇಳಲಿಲ್ಲ.

"ಅದೆಲ್ಲ ನಮಗ ಗೊತ್ತಿಲ್ಲಣ್ಣಾ," ಎಂದ ಗೋಲ್‌ಕೀಪರ್. "ಹಿಂದ ಇಬ್ಬರನ್ನ ಅಧ್ಯಕ್ಷರನ್ನ ಮಾಡಿದ್ವಿ. ಚೇರ್ಮನ್ನರ ಕಾರು ಕಂಡ ಕೂಡ್ಲೇ ಇಬ್ಬರೂ ಓಡಿಹೋದ್ರು. ನಿನಗಾದ್ರ ಓಡಬ್ಯಾಡ ಅಂತ ಡಾಕ್ಟರೇ ಬರದುಕೊಟ್ಟಾರ."

ಬೇಡಿಕೆಗೆ ಹೊದಿಕೆ

ಮನವಿ ಪತ್ರ ಬರೆದುಕೊಂಡು ಚೇರ್ಮನ್ನರ ಮಿಲ್ಲಿಗೆ ಹೋದೆ. ದಾರಿಯುದ್ದಕ್ಕೂ ಖಾರದ ಮಾತುಗಳನ್ನು ಅಭ್ಯಾಸ ಮಾಡಿಕೊಂಡಿದ್ದೆ. ಬಾಗಿಲಲ್ಲೇ ಅವರು ಎದ್ದು ಬಂದರು.

"ಬಾರಪಾ ಅಧ್ಯಕ್ಷಾ! ನಮ್ಮೂರ ಹುಲಿ! ಮೊದಲು ಉಗ್ಗಾಣಿ ತಿನ್ನು."

ಮಂಡಕ್ಕಿ ಒಗ್ಗರಣೆಯ ಉಗ್ಗಾಣಿ ಬಂತು, ಜೊತೆಗೆ ಮಿರ್ಚಿ ಬಜ್ಜಿ ಬಂತು. ಬಾಯಲ್ಲಿ ಬಜ್ಜಿ ಇರುವಾಗ ಖಾರದ ಮಾತು ಆಡುವುದು ಕಷ್ಟ. ನುಂಗಿ ಎದ್ದು ನಿಂತು "ನಮ್ಮ ಬೇಡಿಕೆ..." ಎಂದೆ. ಅಷ್ಟರಲ್ಲಿ ಹೆಗಲ ಮೇಲೆ ಶಾಲು ಬಿತ್ತು. ಕೊರಳಿಗೆ ಹಾರ ಬಿತ್ತು. ನಾಲ್ಕು ಮಂದಿ ಚಪ್ಪಾಳೆ ತಟ್ಟಿದರು, ಐದನೆಯವನು ಫೋಟೋ ಹೊಡೆದ. ನಮ್ಮ ಕಡೆ ಶಾಲು ಹೊದಿಸಿಕೊಂಡವನು ಕೈ ಮುಗಿಯಲೇಬೇಕು. ಕೈ ಮುಗಿದವನು ಜಗಳ ಆಡುವುದು ಹೇಗೆ? ಮನವಿ ಪತ್ರ ಜೇಬಿನಲ್ಲೇ ಇತ್ತು.

ಸಂಜೆ ವಾಟ್ಸಾಪಿನಲ್ಲಿ ಅದೇ ಫೋಟೋ ಬಂತು. ಕೆಳಗೆ ಬರೆದಿದ್ದರು: "ಚೇರ್ಮನ್ನರ ಸೇವೆಗೆ ಆಟಗಾರರ ಸಂಘದ ಅಧ್ಯಕ್ಷರ ಮೆಚ್ಚುಗೆ."

ಎರಡನೆಯ ಸಲ ಹೋದೆ. ಎರಡನೆಯ ಶಾಲು. ಮೂರನೆಯ ಸಲ ಬಾಗಿಲಲ್ಲೇ ನಿಂತು, ಒಳಗೆ ಕಾಲಿಡದೆ ಮಾತಾಡೋಣವೆಂದುಕೊಂಡೆ. ಹಿಂದಿನಿಂದ ಬಂದು ಹೊದಿಸಿದರು. ಎಂಟು ವರ್ಷ ಬೆನ್ನ ಹಿಂದೆ ಯಾರನ್ನೂ ಬಿಡದ ಡಿಫೆಂಡರ್ ನಾನು!

ಏಪ್ರಿಲ್ ಬಿಸಿಲಿನಲ್ಲಿ, ಉಣ್ಣೆ ಶಾಲು ಹೊದ್ದು ಬೆವರು ಸುರಿಸುತ್ತ ನಾಲ್ಕನೆಯ ಸಲ ಮನೆಗೆ ಬಂದಾಗ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಆಂಬುಲೆನ್ಸ್ ಬಂತೇನ್ರೀ?"

"ಇಲ್ಲ."

"ಹೋಗ್ಲಿ ಬಿಡ್ರಿ. ಇನ್ನೊಂದು ನಾಲ್ಕು ಸಲ ಹೋಗಿಬರ್‍ರಿ. ಮನ್ಯಾಗ ಪರದೆ ಇಲ್ಲದ ಕಿಟಕಿ ಎಂಟು ಅದಾವ."

ಮುಷ್ಕರ

ಕೊನೆಗೆ ಸಂಘದ ಸಭೆ ಕರೆದೆ. ಟೂರ್ನಮೆಂಟಿನ ಮೊದಲ ಪಂದ್ಯದಲ್ಲೇ ಮುಷ್ಕರ ಎಂದು ತೀರ್ಮಾನವಾಯಿತು. ರೆಫರಿ ಸೀಟಿ ಊದಿದ ಕೂಡಲೇ ಎರಡೂ ತಂಡದ ಇಪ್ಪತ್ತೆರಡು ಮಂದಿ ಇದ್ದಲ್ಲೇ ಚಕ್ಕಳಮಕ್ಕಳ ಹಾಕಿ ಕೂರಬೇಕು. ಆಂಬುಲೆನ್ಸ್ ಬರುವ ತನಕ ಏಳಬಾರದು. ಎಲ್ಲರೂ ದೇವರ ಮೇಲೆ ಆಣೆ ಮಾಡಿದರು.

ಪಂದ್ಯ ಕೌತಾಳಂಗೂ ಹಾಲಹರವಿಗೂ. ಸೀಟಿ ಬಿತ್ತು. ಇಪ್ಪತ್ತೆರಡು ಮಂದಿ ಕೂತರು. ನನ್ನ ಕಣ್ಣು ತುಂಬಿ ಬಂತು. ಗ್ಯಾಲರಿಯಿಂದ ಯಾರೋ ಕೂಗಿದರು: "ಪಂಕ್ತಿ ಕುಂತೈತಿ, ಎಲಿ ಹಾಕ್ರಪಾ!"

ಚೆಂಡು ಹಾಲಹರವಿಯ ಫಾರ್ವರ್ಡ್‌ನ ಮುಂದೆಯೇ ಇತ್ತು. ಅವನು ಕೂತುಕೊಂಡೇ ಅದನ್ನು ನೋಡಿದ. ಆಮೇಲೆ ತಲೆ ಎತ್ತಿ ದೂರದ ಗೋಲು ನೋಡಿದ. ಅಲ್ಲಿ ಕೌತಾಳಂನ ಗೋಲ್‌ಕೀಪರ್ ಕಣ್ಣು ಮುಚ್ಚಿ, ಧ್ಯಾನಕ್ಕೆ ಕೂತಂತೆ ಕೂತಿದ್ದ. ನಡುವೆ ಅಡ್ಡ ಬರುವವರು ಯಾರೂ ಇಲ್ಲ. "ಬ್ಯಾಡಲೇ!" ಎಂದು ಕೂಗಿದೆ.

ಎದ್ದ, ಓಡಿದ, ಹೊಡೆದ. ಗೋಲ್! ಅಂಗಿ ತಲೆಯ ಮೇಲೆ ಎಳೆದುಕೊಂಡು ಮೈದಾನ ಪೂರ್ತಿ ಒಂದು ಸುತ್ತು ಹಾಕಿದ.

ಕೌತಾಳಂನವರು ಸುಮ್ಮನಿರುತ್ತಾರೆಯೇ? "ಸಮ ಮಾಡಿ ಕುಂದ್ರತೀವಣ್ಣಾ, ಎರಡೇ ನಿಮಿಷ!" ಎಂದು ಎದ್ದರು. ಅವರು ಎದ್ದದ್ದು ಕಂಡು ಇವರೂ ಎದ್ದರು. ಪಂದ್ಯ ಪೂರ್ತಿ ನಡೆಯಿತು, ಕೌತಾಳಂ ನಾಲ್ಕು ಮೂರರಿಂದ ಗೆದ್ದಿತು. ಎಲ್ಲ ಮುಗಿದ ಮೇಲೆ, ಆಣೆ ಸುಳ್ಳಾಗಬಾರದೆಂದು, ಎರಡೂ ತಂಡದವರು ಐದು ನಿಮಿಷ ಶಿಸ್ತಿನಿಂದ ಕೂತರು.

ಫಾರ್ವರ್ಡ್‌ನನ್ನು ಹಿಡಿದು ಬೈದೆ. "ನಾ ಏನ್ ಮಾಡ್ಲಣ್ಣಾ, ಕಾಲು ಕೇಳಲಿಲ್ಲ," ಎಂದ. ಅಷ್ಟರಲ್ಲಿ ಹಿಂದಿನಿಂದ ಚೇರ್ಮನ್ನರು ಬಂದರು. "ಎಂಥಾ ಚಂದ ಮ್ಯಾಚ್ ಆಡಿಸಿದೆಪಾ ಅಧ್ಯಕ್ಷಾ!" ಎಂದು ಐದನೆಯ ಶಾಲು ಹೊದಿಸಿದರು.

ವೈಕುಂಠ ರಥ

ಗೋಲ್ ಹೊಡೆಯುವವರನ್ನು ನಂಬಿ ಕೆಟ್ಟೆವು. ಫೈನಲ್‌ಗೆ ಎರಡೂ ತಂಡದ ಗೋಲ್‌ಕೀಪರ್‌ಗಳನ್ನು ಮಾತ್ರ ಮುಷ್ಕರಕ್ಕೆ ಇಳಿಸಿದೆ. ಗೋಲ್‌ಕೀಪರ್ ಇಲ್ಲದೆ ಫೈನಲ್ ಇಲ್ಲ. ಅವತ್ತು ದೊಡ್ಡ ಅತಿಥಿಗಳು ಬರುವವರಿದ್ದರು. ಮಿಲ್ಲಿಗೆ ನಾನು ಹೋಗಲಿಲ್ಲ, ಶಾಲಿನ ಭಯ. ಪತ್ರ ಕಳಿಸಿದೆ: ಮಲಗಲು ಜಾಗ, ಸ್ಟ್ರೆಚರ್, ಡ್ರೈವರ್ ಇರುವ ವಾಹನ ಮೈದಾನದ ಗೇಟಿನಲ್ಲಿ ನಿಲ್ಲದಿದ್ದರೆ ಗೋಲ್‌ಕೀಪರ್‌ಗಳು ನಿಲ್ಲುವುದಿಲ್ಲ.

ಒಪ್ಪಿಗೆ ಎಂದು ಸಂಜೆಯೇ ಉತ್ತರ ಬಂತು. ಗೆದ್ದೆವೆಂದು ಕುಣಿದೆವು.

ಫೈನಲ್ ದಿನ ಗೇಟಿನಲ್ಲಿ ವಾಹನ ನಿಂತಿತ್ತು. ಸುತ್ತ ಗಾಜು, ಮೇಲೆ ಗೋಪುರ, ಚೆಂಡು ಹೂವಿನ ಸರ. ಹೆಣ ಸಾಗಿಸುವ ವೈಕುಂಠ ರಥ!

"ನೋಡಪಾ," ಎಂದರು ಚೇರ್ಮನ್ನರು, "ನೀ ಬರದಿದ್ದು ಎಲ್ಲಾ ಐತಿ. ಮಲಗಾಕ ಜಾಗ ಐತಿ, ಸ್ಟ್ರೆಚರ್ ಐತಿ, ಡ್ರೈವರ್ ಅದಾನ. ಹೂವು ನಾನೇ ಹಾಕ್ಸೀನಿ."

ಕೌತಾಳಂನ ಗೋಲ್‌ಕೀಪರ್ ನನ್ನ ಕಿವಿಯಲ್ಲಿ ಹೇಳಿದ: "ಅಣ್ಣಾ, ಇದರಾಗ ಹೋದವ್ರು ತಿರುಗಿ ಬಂದದ್ದು ನಾನಂತೂ ನೋಡಿಲ್ಲ."

ಬಾಯಿ ತೆರೆಯುವಷ್ಟರಲ್ಲಿ ನನಗೆ ಆರನೆಯ ಶಾಲು ಬಿತ್ತು. ಚೇರ್ಮನ್ನರು ಬಿಳಿ ಪಂಚೆ, ಹೊಸ ಚಪ್ಪಲಿಯಲ್ಲಿ ಮೈದಾನದ ನಡುವೆ ಹೋಗಿ ಉದ್ಘಾಟನೆಗೆ ಚೆಂಡು ಒದ್ದರು. ಸರಿಯಾಗಿಯೇ ಒದ್ದರು. ಆದರೆ ಫೋಟೋದವನು "ಇನ್ನೊಂದ್ಸಲ ಸಾರ್, ಕಣ್ಣು ಮುಚ್ಚಿದ್ರಿ" ಎಂದ. ಮತ್ತೆ ಒದ್ದರು. "ಸಾರ್, ಅತಿಥಿಗಳ ಕಡಿ ನೋಡ್ತಾ ಒದೀರಿ." ಮೂರನೆಯ ಸಲ ಅತಿಥಿಗಳ ಕಡೆ ನೋಡುತ್ತ ನೆಲಕ್ಕೆ ಒದ್ದರು. ಪಂಚೆ ಕಾಲಿಗೆ ಸುತ್ತಿಕೊಂಡು ಬಿದ್ದರು. ಕಟ್ ಎಂದಿತು. ಆ ಶಬ್ದ ನನಗೆ ಗುರುತಿತ್ತು.

"ಕಾರು ತರ್‍ರಿ!" ಎಂದು ಕೂಗಿದರು. ಅವರ ಕಾರು ಅತಿಥಿಗಳ ಹತ್ತು ಕಾರುಗಳ ಹಿಂದೆ ಸಿಕ್ಕಿಬಿದ್ದಿತ್ತು. ಗೇಟಿನಲ್ಲಿ ಹೊರಡಲು ಸಿದ್ಧವಾಗಿ ನಿಂತಿದ್ದದ್ದು ಒಂದೇ ವಾಹನ.

ಬೇಡ ಬೇಡ ಎನ್ನುತ್ತಿದ್ದರೂ ಎತ್ತಿ ಮಲಗಿಸಿದೆವು. ಪಕ್ಕದಲ್ಲಿ ನಾನು ಕೂತೆ. ಡ್ರೈವರ್ ಕೀಲಿ ತಿರುಗಿಸಿದ ಕೂಡಲೇ ಮೇಲಿನ ಸ್ಪೀಕರಿನಲ್ಲಿ "ಗೋವಿಂದಾ ಗೋವಿಂದಾ" ಶುರುವಾಯಿತು.

"ಬಂದ್ ಮಾಡಲೇ!" ಎಂದು ಚೇರ್ಮನ್ನರು ಚೀರಿದರು.

"ಆಗಂಗಿಲ್ರಿ ಸಾರ್. ಇಂಜಿನ್ನಿಗೇ ಕನೆಕ್ಷನ್ ಐತಿ. ಅದು ನಿಂತ್ರ ಗಾಡಿ ನಿಂದ್ರತೈತಿ."

ಗಾಡಿ ಬಟ್ಟೆ ಬಜಾರಿಗೆ ಬಂತು. ಸುತ್ತ ಗಾಜು, ಎಲ್ಲ ಕಾಣಿಸುತ್ತದೆ. ಚೇರ್ಮನ್ನರು ನನ್ನ ಕೈ ಹಿಡಿದರು. "ನಾಕು ಮಂದಿ ನೋಡಿದ್ರ ಮರ್ಯಾದಿ ಹೊಕ್ಕೈತಿ. ಮಾರಿ ಮುಚ್ಚಪಾ."

ನನ್ನ ಹತ್ತಿರ ಮುಚ್ಚಲು ಇದ್ದದ್ದು ಅವರೇ ಹೊದಿಸಿದ ಶಾಲು. ತಲೆಯಿಂದ ಕಾಲಿನವರೆಗೆ ಹೊದಿಸಿದೆ.

ಅಷ್ಟೇ, ಬಜಾರು ಎದ್ದು ನಿಂತಿತು. ಚಪ್ಪಲಿ ಬಿಟ್ಟರು, ಕೈ ಮುಗಿದರು. ನಿಜವಾದ ಆಂಬುಲೆನ್ಸಿಗೂ ಬಿಡದ ದಾರಿಯನ್ನು ಬಿಟ್ಟರು. "ಎವರು ಪೋಯಿನಾರು?" ಎಂದು ಅಂಗಡಿಯವನೊಬ್ಬ ತೆಲುಗಿನಲ್ಲಿ ಕೇಳಿದ. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಚೇರ್ಮನ್ ಗಾರು!" ಎಂದ. ಯಾರು ಹೋದರು ಎಂದು ಕೇಳಿದ್ದಕ್ಕೆ, ಗಾಡಿಯಲ್ಲಿ ಯಾರಿದ್ದಾರೆಂದು ಅವನು ನಿಜವನ್ನೇ ಹೇಳಿದ್ದ. ಸಾಲಾಗಿ ಶಟರುಗಳು ಇಳಿದವು.

ಚೌಕದಲ್ಲಿ ಗಾಡಿ ನಿಂತಿತು. ಚೇರ್ಮನ್ ಕುರ್ಚಿಗೆ ಹತ್ತು ವರ್ಷದಿಂದ ಕಣ್ಣಿಟ್ಟಿದ್ದ ಒಬ್ಬ ವ್ಯಾಪಾರಿ, ಹೂವಿನಾಕಿಯ ಬುಟ್ಟಿಯಿಂದ ಹಾರ ತೆಗೆದುಕೊಂಡು ಓಡಿಬಂದ. ಬಾಗಿಲು ತೆಗೆದು ಶಾಲಿನ ಮೇಲೆ ಹಾಕಿ ಕಣ್ಣೊರೆಸಿಕೊಂಡ. "ಇಂಥಾ ಮನುಷ್ಯ ಮತ್ತ ಹುಟ್ಟಂಗಿಲ್ಲ," ಎಂದು ಬಿಕ್ಕಿದ. ಅದೇ ಉಸಿರಿನಲ್ಲಿ ನನಗೆ, "ಮುಂದಿನ ವರ್ಷದ ಟೂರ್ನಮೆಂಟಿನ ಮಾತು ನಾಳೆ ಬಂದು ನನ್ನ ಕೂಡ ಆಡು," ಎಂದ.

ಶಾಲಿನೊಳಗೆ ಹಲ್ಲು ಕಡಿದ ಸದ್ದು ಕೇಳಿಸಿತು. ನನ್ನ ಜನ್ಮದಲ್ಲೇ ಇಂಥ ಅವಕಾಶ ಮತ್ತೆ ಬರುವುದಿಲ್ಲವೆಂದು ಹೊಳೆಯಿತು. ಬಗ್ಗಿ ಪಿಸುಗುಟ್ಟಿದೆ.

"ಸಾರ್, ಆಂಬುಲೆನ್ಸ್?"

"ಕೊಡ್ತೀನಿ."

"ಪ್ರತಿ ಮ್ಯಾಚಿಗೂ? ನಿಜವಾದ್ದು?"

"ಪ್ರತಿ ಮ್ಯಾಚಿಗೂ! ಶಾಲು ಮಾತ್ರ ತೆಗೀಬ್ಯಾಡ."

"ಬಾಯಿಮಾತು ಸಾಲದು ಸಾರ್."

ತಿಂಗಳುಗಟ್ಟಲೆ ಜೇಬಿನಲ್ಲಿ ಮಾಸಿದ್ದ ಮನವಿ ಪತ್ರ ಹೊರತೆಗೆದೆ. ಶಾಲಿನೊಳಗಿಂದ ಒಂದು ಕೈ ಹೊರಗೆ ಬಂತು, ಪೆನ್ನು ಹಿಡಿಯಿತು, ಸಹಿ ಹಾಕಿತು, ಒಳಗೆ ಹೋಯಿತು. ಹಾರದ ದುಡ್ಡು ಕೇಳಲು ಬಂದಿದ್ದ ಹೂವಿನಾಕಿ ಅದನ್ನು ನೋಡಿ ಕಿಟಾರನೆ ಕಿರುಚಿ, ಬುಟ್ಟಿ ಬಿಟ್ಟು ಓಡಿದಳು. ವ್ಯಾಪಾರಿ ಆಕೆಗಿಂತ ಮುಂದೆ ಓಡಿದ.

ಅತ್ತ ಮೈದಾನದಲ್ಲಿ ಫೈನಲ್ ಸೊನ್ನೆ ಸೊನ್ನೆ ಆಯಿತಂತೆ. ಆ ರಥದಲ್ಲಿ ಹೋಗಬೇಕಾದೀತೆಂದು ಯಾರೂ ಯಾರ ಮೈಗೂ ತಾಗಲಿಲ್ಲವಂತೆ.

ಮನೆಗೆ ಬಂದು ಹೆಂಡತಿಗೆ ಸಹಿ ತೋರಿಸಿದೆ. ಒಂದು ಸಲ ಓದಿದಳು, ಮತ್ತೊಂದು ಸಲ ಓದಿದಳು. ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು. ಆಮೇಲೆ ಎದ್ದು, "ಆರು ಸಲ ಹೊದಿಸಿಕೊಂಡ್ರ ಆಗ್ಲಿಲ್ಲ, ಒಂದು ಸಲ ಹೊದಿಸಿದ್ದಕ್ಕ ಆತು ನೋಡ್ರಿ," ಎಂದು ಚಹಾ ಇಡಲು ಹೋದಳು.

ಮುಂದಿನ ಟೂರ್ನಮೆಂಟಿಗೆ ಮೈದಾನದಲ್ಲಿ ನಿಜವಾದ ಆಂಬುಲೆನ್ಸ್ ನಿಂತಿತು. ಚೇರ್ಮನ್ನರು ಕೋಲು ಹಿಡಿದು ಕುಂಟುತ್ತ ಬಂದು ರಿಬ್ಬನ್ ಕತ್ತರಿಸಿದರು. ಈಗ ಅವರಿಗೂ ಓಡಬಾರದೆಂದು ಡಾಕ್ಟರು ಬರೆದುಕೊಟ್ಟಿದ್ದರು. ಉಪಕಾರ ನೆನೆಯಬೇಕಲ್ಲ ಎಂದು ಸಂಘದ ಪರವಾಗಿ ನಾನು ಹೊಸ ಶಾಲು ಬಿಚ್ಚಿ, ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಅವರ ಕಡೆ ಒಂದು ಹೆಜ್ಜೆ ಇಟ್ಟೆ.

ಚೇರ್ಮನ್ನರು ಕೋಲು ಬಿಸಾಡಿ ಮಿಲ್ಲಿನ ದಿಕ್ಕಿಗೆ ಓಡಿದರು.