ಚಿಕ್ಕಪ್ಪ ಬಿಡುವು ಕಲಿತದ್ದು

ತಾವು ವಿಶ್ರಾಂತಿ ತೆಗೆದುಕೊಂಡು ಪಕ್ಕದವರನ್ನು ಸುಸ್ತು ಮಾಡುವ ಮನುಷ್ಯರನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಅಮೆರಿಕದ ನಮ್ಮೂರು ಸಮಾಮಿಶ್‌ಗೆ ಬನ್ನಿ, ನಮ್ಮ ಚಿಕ್ಕಪ್ಪನನ್ನು ಪರಿಚಯ ಮಾಡಿಸುತ್ತೇನೆ. ಬರುವ ಮುಂಚೆ ಚೆನ್ನಾಗಿ ನಿದ್ದೆ ಮಾಡಿರಿ. ಬಂದ ಮೇಲೆ ಅದಕ್ಕೆ ಅವಕಾಶ ಸಿಗುವುದಿಲ್ಲ!

ವಿಮಾನ ಕಟ್ಟುವ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಈ ಮಹಾನುಭಾವರು ಸುಮ್ಮನೆ ಒಂದು ದಿನ ರಜೆ ಹಾಕಿದ್ದನ್ನು ಯಾರೂ ಕಂಡವರಿಲ್ಲ. ಮದುವೆಯಾದ ಹೊಸತರಲ್ಲಿ ಚಿಕ್ಕಮ್ಮ "ಎಲ್ಲಾದ್ರೂ ಹೋಗೋಣ ರೀ" ಎಂದರೆ "ಈ ರೆಕ್ಕೆ ಕೆಲಸ ಒಂದು ಮುಗೀಲಿ" ಎನ್ನುತ್ತಿದ್ದರಂತೆ. ವಿಮಾನಕ್ಕೆ ಎರಡೇ ರೆಕ್ಕೆ ತಾನೇ ಎಂದು ನಂಬಿದ್ದ ಚಿಕ್ಕಮ್ಮ ಮೋಸಹೋದರು. ಇವರು ರಿಟೈರ್ ಆಗಿ ಹೊರಟು ನಿಂತ ಹೊತ್ತಿಗೆ ಚಿಕ್ಕಮ್ಮನ ಮೊಣಕಾಲು ಕೈಕೊಟ್ಟಿತ್ತು.

"ನನಗೆ ಕಾಲಿದ್ದಾಗ ನಿಮಗೆ ಬಿಡುವಿರ್ಲಿಲ್ಲ. ಈಗ ನಿಮಗೆ ಬಿಡುವಿದೆ, ನನಗೆ ಕಾಲಿಲ್ಲ. ನಾನು ಎಲ್ಲಿಗೂ ಬರಲ್ಲ," ಎಂದು ಅವರು ಸೋಫಾ ಹಿಡಿದರು.

ಹೇಗಾದರೂ ಮಾಡಿ ಒಂದು ಭಾನುವಾರ ಅವರನ್ನು ಮನೆಯಿಂದ ಹೊರಡಿಸಬೇಕು ಎಂಬುದು ಚಿಕ್ಕಪ್ಪನ ಹಠವಾಯಿತು. ಸರಿಯೇ. ಆದರೆ ಅದಕ್ಕೆ ಅವರು ಮಾಡಿದ್ದೇನು? ಬಿಡುವನ್ನು ಹೇಗೆ ಕಳೆಯಬೇಕೆಂದು ಕಲಿಯಲು ಯೂನಿವರ್ಸಿಟಿಗೆ ಹೋಗಿ ಕೂತರು! ಅಮೆರಿಕದಲ್ಲಿ ಕಾರ್ಖಾನೆಗಳು ಬಂದ ಕಾಲಕ್ಕೆ ದುಡಿಯುವ ಜನ ಮೋಜು ಮಾಡಲು ಕಲಿತದ್ದು ಹೇಗೆ ಎಂಬ ಪಾಠ. ಸುತ್ತ ಮೊಮ್ಮಕ್ಕಳ ವಯಸ್ಸಿನ ಹುಡುಗರು, ಮೊದಲ ಸಾಲಿನಲ್ಲಿ ನಮ್ಮ ಚಿಕ್ಕಪ್ಪ. ಹೆದ್ದಾರಿಯ ಮೇಲೆ ಕಾರು ಓಡಿಸಬೇಡಿ ಎಂದು ಕಣ್ಣಿನ ಡಾಕ್ಟರ್ ಹೇಳಿದ್ದರಿಂದ ಪಾಠ ಅವರಿಗೆ, ಡ್ರೈವಿಂಗ್ ಅಣ್ಣನ ಮಗನಾದ ನನಗೆ.

ವಾರವೆಲ್ಲ ಕ್ಯಾನ್ಯನ್ ಪಾರ್ಕ್ ಎಂಬ ಬಡಾವಣೆಯ ಆಫೀಸಿನಲ್ಲಿ ಮೀಟಿಂಗ್ ಮೇಲೆ ಮೀಟಿಂಗಿನಲ್ಲಿ ಕೂತು ಹಣ್ಣಾಗಿರುತ್ತೇನೆ. ಭಾನುವಾರವಾದರೂ ಮುಸುಕು ಹೊದ್ದು ಮಲಗೋಣ ಎಂದರೆ ಫೋನು!

"ಎದ್ಯೇನೋ? ಆಗಿನ ಟ್ರಾಮ್ ಕಂಪನಿಯವ್ರು ಎಂಥ ಬುದ್ಧಿವಂತರು ಗೊತ್ತಾ? ಭಾನುವಾರ ಗಾಡಿ ಖಾಲಿ ಓಡುತ್ತೆ ಅಂತ ಲೈನಿನ ಕೊನೇಲಿ ಪಾರ್ಕ್ ಕಟ್ಟಿಸ್ತಿದ್ರು. ಬ್ಯಾಂಡು, ಡ್ಯಾನ್ಸು, ಮರದ ಕುದುರೆ! ನಡಿ, ನಮ್ಮ ಲೈಟ್ ರೈಲಿನ ಕೊನೇಲಿ ಏನಿದೆ ನೋಡ್ಕೊಂಡು ಬರೋಣ."

"ಕಾರ್ ಪಾರ್ಕಿಂಗ್ ಇದೆ ಚಿಕ್ಕಪ್ಪ."

"ನೋಡದೆ ಹೇಳ್ಬೇಡ."

ನೋಡಿದೆವು. ಕಾರ್ ಪಾರ್ಕಿಂಗೇ ಇತ್ತು. ಮುಂದಿನ ಭಾನುವಾರ ಇನ್ನೊಂದು ದಿಕ್ಕಿನ ಕೊನೆಗೆ ಹೋದೆವು. ಅಲ್ಲಿ ಅದಕ್ಕಿಂತ ದೊಡ್ಡ ಕಾರ್ ಪಾರ್ಕಿಂಗ್! ಕಟ್ಟೆಯ ಮೇಲೆ ಕೂತು ಪುಳಿಯೋಗರೆ ತಿನ್ನುತ್ತಿದ್ದಾಗ ಸೆಕ್ಯೂರಿಟಿಯವನು ಬಂದು ಯಾರಿಗಾಗಿ ಕಾಯುತ್ತಿದ್ದೀರಿ ಎಂದು ಕೇಳಿದ. "ಬ್ಯಾಂಡಿನವರಿಗೆ," ಎಂದರು ಚಿಕ್ಕಪ್ಪ, ಗಂಭೀರವಾಗಿ. ಅವನು ನನ್ನ ಮುಖ ನೋಡಿದ. ನಾನು ಡಬ್ಬಿಯ ಮುಚ್ಚಳ ನೋಡಿದೆ.

ಆಮೇಲೆ ರೋಲರ್ ಕೋಸ್ಟರಿನ ಸರದಿ. ಮಳೆಯಲ್ಲಿ ನೆನೆಯುತ್ತಾ ಅದರ ಕೆಳಗೆ ನಿಂತು ಒಂದೊಂದೇ ಬೋಲ್ಟನ್ನು ಕತ್ತೆತ್ತಿ ನೋಡಿದರು. ಅಲ್ಲಿನ ಹುಡುಗಿ "ಹತ್ತುತ್ತೀರಾ?" ಎಂದಳು. "ನಾನಲ್ಲ, ಇವನು," ಎಂದು ನನ್ನನ್ನು ನೂಕಿದರು. ಕರುಳು ಬಾಯಿಗೆ ಬಂದು, ತೂರಾಡುತ್ತಾ ಇಳಿದವನನ್ನು ಅವರು ಕೇಳಿದ್ದು ಒಂದೇ ಪ್ರಶ್ನೆ.

"ಮೊಣಕಾಲಿಗೆ ಏನಾದ್ರೂ ತಗಲ್ತಾ?"

ತಗಲಲಿಲ್ಲ ಎಂದೆ. ಅದೇ ಸುದ್ದಿ ಮನೆಗೆ ಹೋಗಿ ಚಿಕ್ಕಮ್ಮನಿಗೆ ಮುಟ್ಟಿತು. ನನ್ನ ಹೊಟ್ಟೆಯ ವಿಷಯ ಯಾರೂ ಎತ್ತಲಿಲ್ಲ!

"ಪಾಪ, ಆ ಹುಡುಗನ ಜೀವ ಯಾಕ್ರೀ ತೆಗೀತೀರಾ? ಬರಲ್ಲ ಅಂದ್ರೆ ಬರಲ್ಲ," ಎಂದು ಚಿಕ್ಕಮ್ಮ ಟೀವಿಯ ಕಡೆ ತಿರುಗಿದರು.

ನಾನು ನನ್ನ ಮನೆಗೆ ಹೊರಟಾಗ, ಕಳಿಸಿಕೊಡಲು ಕಾರಿನ ಬಳಿ ಬಂದ ಚಿಕ್ಕಪ್ಪನ ಮೇಲೆ ರೇಗಿಬಿಟ್ಟೆ. "ಚಿಕ್ಕಪ್ಪ, ಅವರಿಗೆ ಕಾಲು ನೋವು. ಬಿಟ್ಬಿಡಿ. ನನಗೂ ಸಾಕಾಗಿದೆ, ಒಂದು ಭಾನುವಾರ ಮಲ್ಕೊಳ್ಳೋಕೆ ಬಿಡಿ."

ಚಿಕ್ಕಪ್ಪ ಕಾರಿನ ಕಿಟಕಿಗೆ ಬಗ್ಗಿದರು. "ನೋವು ಕಾಲಿಗೆ ಅಷ್ಟೊಂದಿಲ್ಲ ಕಣೋ. ಅವಳಿಗೆ ನನ್ನ ಮೇಲೆ ಕೋಪ," ಎಂದರು. ಸ್ಟಾರ್ಟ್ ಮಾಡಿದ ಕಾರನ್ನು ಆಫ್ ಮಾಡಿದೆ.

ಅವರ ಹಿಂದೆಯೇ ಒಳಗೆ ಹೋದೆ. ಚಿಕ್ಕಪ್ಪ ಟ್ರಾಮಿನ ಕಥೆ ತೆಗೆಯಲಿಲ್ಲ, ಬ್ಯಾಂಡಿನ ಮಾತೆತ್ತಲಿಲ್ಲ. ಸೋಫಾದ ಅಂಚಿನಲ್ಲಿ ಕೂತು ಹೇಳಿದರು: "ಕೇಳಿದಾಗ ಕರ್ಕೊಂಡು ಹೋಗ್ಬೇಕಿತ್ತು ಕಣೇ. ಹೋಗ್ಲಿಲ್ಲ. ತಪ್ಪು ನಂದೇ. ಕಡಲ ದಂಡೇಲಿ ತಿರುಗೋ ಮರದ ಕುದುರೆ ಇದೆ. ಕುದುರೆ ಹತ್ತೋಕಾಗದವರಿಗೆ ಮಧ್ಯೆ ಬೆಂಚೂ ಇದೆ. ಬಾರೇ."

ಚಿಕ್ಕಮ್ಮ ಟೀವಿ ಆರಿಸಿದರು. ಆಮೇಲೆ, "ನನ್ನ ಸ್ವೆಟರ್ ಎಲ್ಲಿಟ್ಟಿದ್ದೀರಾ?" ಎಂದರು.

ಪೇಟೆಯ ಕಡಲ ದಂಡೆಗೆ ಹೋಗಿ ಪಾರ್ಕಿಂಗ್ ಹುಡುಕುವಷ್ಟರಲ್ಲಿ ನನ್ನ ಜೀವ ಅರ್ಧವಾಯಿತು. ಇಬ್ಬರೂ ಸೇರಿ ಚಿಕ್ಕಮ್ಮನನ್ನು ಬೆಂಚಿನ ಮೇಲೆ ಕೂರಿಸಿದೆವು. ಚಿಕ್ಕಪ್ಪ ಪಕ್ಕದಲ್ಲಿ ಬಿಗಿಯಾಗಿ ಕೂತರು, ಹೊಸ ಮದುಮಗನಂತೆ. ಸಂಗೀತ ಶುರುವಾಯಿತು. ಸುತ್ತ ಪುಟ್ಟ ಮಕ್ಕಳು ಕುದುರೆಗಳ ಮೇಲೆ ಕಿರುಚುತ್ತಿದ್ದರು. ಇವರಿಬ್ಬರೂ ಮಾತಿಲ್ಲದೆ ಒಂದು ಸಲ ಹಾದುಹೋದರು, ಇನ್ನೊಂದು ಸಲ ಹಾದುಹೋದರು. ಬಂದೂ ಕೋಪ ಇಳಿಯಲಿಲ್ಲವಲ್ಲ ಎಂದು ನನಗೆ ಕಳವಳ.

ಕುದುರೆಗಳು ನಿಂತವು. ಮಕ್ಕಳೆಲ್ಲ ಇಳಿದು ಓಡಿದರು. ನಾನು ಹತ್ತಿರ ಹೋಗಿ ಕೈ ಚಾಚಿದೆ.

"ನಿಧಾನ ಚಿಕ್ಕಮ್ಮ, ಇಳೀರಿ."

ಅವರು ನನ್ನ ಕೈ ಹಿಡಿಯಲಿಲ್ಲ. ಅವರ ಎರಡೂ ಕೈ ಚಿಕ್ಕಪ್ಪನ ತೋಳನ್ನು ಹಿಡಿದುಕೊಂಡಿದ್ದವು. ಚಿಕ್ಕಪ್ಪನ ಕಣ್ಣು ಕೆಂಪಗಾಗಿತ್ತು.

"ಇಳಿಯೋಕೆ ಮೊಣಕಾಲು ನೋಯುತ್ತೆ ಕಣೋ," ಎಂದರು ಚಿಕ್ಕಮ್ಮ, ನಗು ತಡೆಯಲಾಗದೆ. "ಇನ್ನೊಂದು ರೌಂಡ್ ಹೋಗಿಬಿಡ್ತೀವಿ."

ಟಿಕೆಟ್ ತರಲು ಓಡಿದೆ.